ಗುಂಡಿಗೆ ಬಣ್ಣ ಸುರಿಯುವ ಮುಂಚೆ

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ಕಾಗದ ತಲುಪಿತು. ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚಿನವರೆಗೂ ಬರೆಯುವವರು ಈ ಕಾಲದಲ್ಲಿ ನೀವೊಬ್ಬರೇ ಇರಬೇಕು. ಬೋರ್‌ವೆಲ್ ನೀರು ಕೆಲವು ತಿಂಗಳಿಂದ ವಾಸನೆ ಬರುತ್ತಿದೆ, ಹಿಂದಿನ ಬೀದಿಯ ವಠಾರದ ಕಕ್ಕಸು ಗುಂಡಿಯ ಮೇಲೆ ಎಲ್ಲರಿಗೂ ಅನುಮಾನ, ವಠಾರದವರು ಒಪ್ಪುತ್ತಿಲ್ಲ, ಬೀದಿಯ ಹುಡುಗರು ಹೋಳಿ ಬಣ್ಣ ತಂದು ಗುಂಡಿಗೆ ಸುರಿದು ನಿಮ್ಮ ನಲ್ಲಿಯಲ್ಲಿ ಬರುತ್ತದಾ ನೋಡೋಣ ಅಂತಿದ್ದಾರೆ, ಇದು ಸರಿಯಾ? ಇಷ್ಟು ನಿಮ್ಮ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಳಿ ಬಣ್ಣ ಬೇಡ. ಆದರೆ ಹುಡುಗರನ್ನು ಬೈಯಬೇಡಿ, ಅವರ ತಲೆ ಸರಿಯಾದ ಕಡೆಗೇ ಓಡಿದೆ. ನೆಲದೊಳಗಿನ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಬಣ್ಣ ಹಾಕಿ ಕಾಯುವುದು ಜಗತ್ತಿನ ಭೂಜಲ ವಿಜ್ಞಾನಿಗಳು ನೂರೈವತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಯಾವ ಬಣ್ಣ, ಎಷ್ಟು, ಯಾವ ಕಲ್ಲಿನಲ್ಲಿ, ಅದಕ್ಕೂ ಮುಂಚೆ ಏನು ನೋಡಬೇಕು, ಇವುಗಳಲ್ಲಿ ತಪ್ಪಿದರೆ ಮಾತ್ರ ಇಲ್ಲದ ಜಗಳವೊಂದು ಹುಟ್ಟಿಕೊಳ್ಳುತ್ತದೆ. ಅದಕ್ಕೇ ಈ ಉದ್ದನೆಯ ಕಾಗದ.

ನಮ್ಮ ನಾಡಿಗೂ ಈ ಯೋಚನೆ ಹೊಸದಲ್ಲ ಬಿಡಿ. ಈ ಪುಷ್ಕರಣಿಯಲ್ಲಿ ನಿಂಬೆಹಣ್ಣು ಬಿಟ್ಟರೆ ಆ ಊರಿನ ಕೊಳದಲ್ಲಿ ತೇಲುತ್ತದೆ ಎನ್ನುವ ಕತೆ ಎಷ್ಟು ಕ್ಷೇತ್ರಗಳಲ್ಲಿ ಕೇಳಿಲ್ಲ ನಾವು! ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರು ಕಾಶಿಯ ಗಂಗೆಯದೇ ಎನ್ನುವವರಿದ್ದಾರೆ. ಶಿವಗಂಗೆಯಿಂದ ನಮ್ಮ ಗವಿಪುರದ ಗಂಗಾಧರೇಶ್ವರನ ಗುಡಿಯವರೆಗೆ ಸುರಂಗವಿದೆ ಎಂದು ನಮ್ಮಜ್ಜಿ ಆಣೆ ಇಟ್ಟು ಹೇಳುತ್ತಿದ್ದಳು. ನಿಂಬೆಹಣ್ಣಿನ ಕತೆಯಲ್ಲಿ ವಿಜ್ಞಾನದ ಅರ್ಧ ಭಾಗ ಇದ್ದೇ ಇದೆ: ಇಲ್ಲಿ ಗುರುತು ಹಾಕು, ಅಲ್ಲಿ ಹೋಗಿ ಕಾಯಿ. ಇಲ್ಲದಿರುವುದು ಉಳಿದರ್ಧ. ಎಷ್ಟು ಹಾಕಿದೆ, ಎಷ್ಟು ಹೊತ್ತಿಗೆ ಬಂತು, ಹಾಕಿದ್ದರಲ್ಲಿ ಎಷ್ಟು ಪಾಲು ಬಂತು, ಮುಖ್ಯವಾಗಿ ನೀನು ಹಾಕುವ ಮೊದಲೇ ಆ ಕೊಳದಲ್ಲಿ ಯಾರದೋ ಪೂಜೆಯ ನಿಂಬೆಹಣ್ಣು ತೇಲುತ್ತಿತ್ತಾ? ಈ ಕೊನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಬ್ಯಾಡರಹಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಅದೇ.

ಈ ಉಳಿದರ್ಧವನ್ನು ಮೊದಲು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಜರ್ಮನಿಯ ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಆಡಾಲ್ಫ್ ಕ್ನೋಪ್. ಡ್ಯಾನ್ಯೂಬ್ ನದಿ ಇಮ್ಮೆಂಡಿಂಗೆನ್ ಎಂಬ ಊರಿನ ಹತ್ತಿರ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಪಾತ್ರವೇ ಒಣಗುವುದುಂಟು. ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಖ್ ಎಂಬ ಊರಿನಲ್ಲಿ ದೊಡ್ಡ ಬುಗ್ಗೆಯೊಂದು ಏಳುತ್ತದೆ. ಮೇಲಿನವರು ಬಿರುಕು ಮುಚ್ಚಬೇಕೆಂದರು. ಕೆಳಗೆ ಬುಗ್ಗೆಯ ನೀರನ್ನೇ ನಂಬಿದ ಗಿರಣಿಗಳವರು ಮುಚ್ಚಕೂಡದೆಂದರು. ಎರಡೂ ಒಂದೇ ನೀರೇ ಎನ್ನುವುದನ್ನು ಮೊದಲು ಸಾಬೀತು ಮಾಡಬೇಕಿತ್ತು. 1877ರ ಅಕ್ಟೋಬರ್‌ನಲ್ಲಿ ಕ್ನೋಪ್ ನದಿಯ ಬಿರುಕಿಗೆ ಟನ್ನುಗಟ್ಟಲೆ ಉಪ್ಪು ಸುರಿಸಿದ, ಕಲ್ಲೆಣ್ಣೆ ಸುರಿಸಿದ, ಜೊತೆಗೆ ಆಗಿನ್ನೂ ಹೊಸದಾಗಿದ್ದ ಫ್ಲೋರೆಸಿನ್ ಎಂಬ ಬಣ್ಣ 10 ಕಿಲೋ ಸುರಿಸಿದ. ಆಡಾಲ್ಫ್ ಫಾನ್ ಬೇಯರ್ ಅದನ್ನು ತಯಾರಿಸಿ ಆರೇ ವರ್ಷವಾಗಿತ್ತು. ಸುಮಾರು 60 ಗಂಟೆ ಕಳೆದ ಮೇಲೆ ಆಖ್ ಬುಗ್ಗೆ ಹಸಿರಾಗಿ ಹೊಳೆಯತೊಡಗಿತು. ಬಣ್ಣ ಉತ್ತರ ಕೊಟ್ಟಿತು, ಜಗಳ ಮುಗಿಯಲಿಲ್ಲ. ಐವತ್ತು ವರ್ಷದ ಮೇಲೆ, 1927ರಲ್ಲೂ ಜರ್ಮನಿಯ ರಾಜ್ಯಗಳು ಇದೇ ನೀರಿಗಾಗಿ ಕೋರ್ಟಿನಲ್ಲಿ ನಿಂತಿದ್ದವು. ಕಾವೇರಿಯ ಮಕ್ಕಳಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ನಿಮ್ಮ ಕೇಸಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿದೆ. 1872ರಲ್ಲಿ ಸ್ವಿಟ್ಜರ್ಲೆಂಡಿನ ಲಾಸೆನ್ ಎಂಬ ಹಳ್ಳಿಯಲ್ಲಿ ವಿಷಮಶೀತ ಜ್ವರ ಹರಡಿತು. ಊರಿನ ನಲ್ಲಿ ನೀರು ಕುಡಿದವರಿಗೆ ಬಂತು, ಸ್ವಂತ ಬಾವಿಯಿದ್ದ ಮನೆಗಳವರು ಉಳಿದರು. ಗುಡ್ಡದ ಆಚೆ ಕಣಿವೆಯ ತೋಟದ ಮನೆಯೊಂದರಲ್ಲಿ ಅದಕ್ಕೂ ಮುಂಚೆ ಜ್ವರದವರಿದ್ದರು, ಅವರ ಕೊಳೆಯೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ಗುಡ್ಡ ದಾಟಿ ಆ ನೀರು ಈ ಊರಿಗೆ ಬರಲು ಸಾಧ್ಯವಾ? ಹೆಗ್ಲರ್ ಎಂಬ ವೈದ್ಯ ಹಳ್ಳದ ಬದಿಯ ಕುಳಿಗೆ ಕ್ವಿಂಟಲ್‌ಗಟ್ಟಲೆ ಉಪ್ಪು ಸುರಿಸಿದ, ಊರ ನಲ್ಲಿಯ ನೀರು ಉಪ್ಪಾಯಿತು. ಆಮೇಲೆ ಮೂಟೆಗಟ್ಟಲೆ ಹಿಟ್ಟು ಕಲಸಿ ಸುರಿಸಿದ, ಹಿಟ್ಟಿನ ಒಂದು ಕಣವೂ ಬರಲಿಲ್ಲ. ಅಂದರೆ ನಡುವಿನ ಮಣ್ಣು ನೀರನ್ನು ಸೋಸುತ್ತಿತ್ತು, ಹಾಗೆ ಸೋಸಿದ ನೀರೇ ಜ್ವರ ತಂದಿತ್ತು. ಆ ರೋಗದ ಜೀವಾಣು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅದಾಗಿ ಎಂಟು ವರ್ಷಕ್ಕೆ, 1880ರಲ್ಲಿ. ನೀರು ತಿಳಿಯಾಗಿದೆ, ಆದ್ದರಿಂದ ಚೆನ್ನಾಗಿದೆ ಎನ್ನುವ ನಮ್ಮ ಜನರ ನಂಬಿಕೆಗೆ ಲಾಸೆನ್ ಆಗಲೇ ಉತ್ತರ ಕೊಟ್ಟಿತ್ತು. ಆದರೂ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. ನೀರು ಎಲ್ಲಿ ಕೆಟ್ಟಿತು ಎಂಬುದು ತಿಳಿಯುವ ಮೊದಲೇ ಊರ ತುಂಬ ಅನುಮಾನಗಳು ಓಡಾಡಿದವು. ನಿಮ್ಮ ಬೀದಿಯಲ್ಲಿ ಈಗ ಓಡಾಡುತ್ತಿರುವುದೂ ಅಂಥದ್ದೇ ಒಂದು ಅನುಮಾನ. ಅದಕ್ಕೇ ಸಾಕ್ಷಿಯ ವಿಷಯದಲ್ಲಿ ಇಷ್ಟು ಹಟ ಮಾಡುತ್ತಿದ್ದೇನೆ.

ಈಗ ಬಣ್ಣದ ವಿಚಾರ. ಹೊಳೆಯುವ ಬಣ್ಣವೇ ಯಾಕೆ? ಸಾಮಾನ್ಯ ಬಣ್ಣ ನೀರಿನಲ್ಲಿ ತೆಳುವಾದ ಕೂಡಲೇ ಕಣ್ಣಿಗೆ ತಪ್ಪುತ್ತದೆ. ಫ್ಲೋರೆಸಿನ್ ಜಾತಿಯವು ನೀಲಿ ಬೆಳಕನ್ನು ಹೀರಿಕೊಂಡು ಹಸಿರು ಬೆಳಕನ್ನು ಹೊರಬಿಡುತ್ತವೆ. ಹಾಗಾಗಿ ಆ ಹಸಿರನ್ನೇ ಹುಡುಕುವ ಫ್ಲೋರೋಮೀಟರ್ ಯಂತ್ರಕ್ಕೆ ಎಷ್ಟು ತೆಳುವಾಗಿದ್ದರೂ ಸಿಕ್ಕಿಬೀಳುತ್ತವೆ. ಹತ್ತು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ ಬಣ್ಣ ಬೆರೆಸಿದರೂ ಯಂತ್ರ ಹಿಡಿಯುತ್ತದೆ. ನಿಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಬತ್ತು ಟ್ಯಾಂಕರ್ ದಾಟುತ್ತದೆ ಆ ನೀರು. ಅದಕ್ಕಿಂತ ತೆಳುವಾಗಿದ್ದರೂ ಹಿಡಿಯುತ್ತದೆ, ನೀರು ಶುದ್ಧವಾಗಿದ್ದರೆ. ಈ ‘ಶುದ್ಧವಾಗಿದ್ದರೆ’ ಎಂಬ ಷರತ್ತಿಗೆ ಆಮೇಲೆ ಬರುತ್ತೇನೆ.

ಫ್ಲೋರೆಸಿನ್ನಿನ ಸೋಡಿಯಂ ಉಪ್ಪಿಗೆ ಯುರಾನಿನ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಯುರೇನಿಯಂಗೂ ಅದಕ್ಕೂ ಸಂಬಂಧವಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ರಕ್ತನಾಳ ನೋಡಲು ಕೈಯ ನರಕ್ಕೆ ಚುಚ್ಚುವುದು ಇದನ್ನೇ. ಚುಚ್ಚಿಸಿಕೊಂಡ ಮೇಲೆ ಒಂದು ದಿನ ಮೂತ್ರ ಹಳದಿ ಬಣ್ಣದಲ್ಲಿ ಹೋಗಿ ಮನೆಯವರು ಗಾಬರಿಯಾಗುವುದೂ ಇದರಿಂದಲೇ. ಹಿತಮಿತವಾಗಿ ಬಳಸಿದರೆ ಕುಡಿಯುವ ನೀರಿನ ಸುತ್ತಮುತ್ತ ಇದಕ್ಕಿಂತ ಸಾಧು ಬಣ್ಣ ಸಿಗುವುದು ಕಷ್ಟ.

ಇದರ ದಾಯಾದಿ ರೊಡಮೈನ್-ಬಿ ಇಷ್ಟು ಸಾಧುವಲ್ಲ. ಆ ಹೆಸರು ನೀವು ಪೇಪರಿನಲ್ಲಿ ಓದಿರುತ್ತೀರಿ. 2024ರ ಮಾರ್ಚ್ 11ರಂದು ನಮ್ಮ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಹಾಕಕೂಡದು ಎಂದು ನಿಷೇಧಿಸಿತಲ್ಲ, ಅದೇ. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬಟ್ಟೆಗೆ ಹಾಕುವ ಆ ಗುಲಾಬಿ ಬಣ್ಣವನ್ನು ಒಂದು ಕಾಲದಲ್ಲಿ ನದಿಗಳಿಗೂ ಸುರಿದು ನೀರಿನ ವೇಗ ಅಳೆಯುತ್ತಿದ್ದರು. ಆಮೇಲೆ ಅದು ಮಣ್ಣಿಗೆ ಬಹಳ ಅಂಟುತ್ತದೆ, ಆರೋಗ್ಯಕ್ಕೂ ಒಳ್ಳೆಯದಲ್ಲ ಎಂದು ಬಿಟ್ಟು ಬೇರೆ ಬಣ್ಣಗಳಿಗೆ ಹೋದರು. ಹೋಳಿಯ ಪೊಟ್ಟಣದಲ್ಲಿ ಏನಿರುತ್ತದೆ ಎಂದು ಅದನ್ನು ಮಾರುವವನಿಗೇ ಗೊತ್ತಿರುವುದಿಲ್ಲ. ಕುಡಿಯುವ ನೀರಿಗೆ ಸೇರಬಹುದು ಎಂಬ ಅನುಮಾನ ಇರುವುದರಿಂದ ತಾನೇ ನೀವು ಪರೀಕ್ಷೆ ಮಾಡಹೊರಟಿರುವುದು? ಆ ಅನುಮಾನ ನಿಜವೇ ಆಗಿದ್ದರೆ, ಸುರಿದ ಬಣ್ಣವನ್ನು ಕುಡಿಯುವವರು ನಿಮ್ಮ ಬೀದಿಯ ಮಕ್ಕಳೇ.

ಇನ್ನು ಕಲ್ಲು. ಡ್ಯಾನ್ಯೂಬಿನಲ್ಲಿ ಇರುವುದು ಸುಣ್ಣಕಲ್ಲು. ಅದು ನೀರಿಗೆ ಕರಗಿ ಒಳಗೆ ಗುಹೆ, ಕಾಲುವೆಗಳಾಗಿರುತ್ತವೆ, ಬಣ್ಣ ಎರಡೂವರೆ ದಿನದಲ್ಲಿ ಬಂದುಬಿಡುತ್ತದೆ. ನಮ್ಮ ಬೆಂಗಳೂರಿನ ಅಡಿಯಲ್ಲಿರುವುದು ಹಳೆಯ ನೈಸ್ ಮತ್ತು ಗ್ರಾನೈಟ್. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಇನ್ನೂ ಕೆಳಗೆ ಗಟ್ಟಿ ಬಂಡೆ, ಆ ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಬೋರ್ ಕೊರೆಯುವವರು ‘ಗ್ಯಾಪ್ ಸಿಕ್ತು’ ಎಂದು ಕುಣಿಯುವುದು ಈ ಬಿರುಕು ಸಿಕ್ಕಾಗ. ಕೊಳೆತ ಕಲ್ಲಿನಲ್ಲಿ ನೀರು ನಿಧಾನ, ತಿಂಗಳುಗಟ್ಟಲೆ ಹಿಡಿಯಬಹುದು. ಬಿರುಕಿನಲ್ಲಿ ವೇಗ, ಆದರೆ ಬಿರುಕು ಯಾವ ದಿಕ್ಕಿಗೆ ಓಡುತ್ತದೆ ಎಂದು ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಮನೆಯಿಂದ ಐವತ್ತು ಅಡಿ ದೂರದ ಗುಂಡಿ ನಿಮ್ಮ ಬೋರ್‌ವೆಲ್ಲಿಗೆ ಸೇರದೆ, ನಾಲ್ಕು ಬೀದಿ ಆಚೆಯ ಚರಂಡಿ ಸೇರಬಹುದು. ಹೈದರಾಬಾದಿನ ಹತ್ತಿರ ಚೌಟುಪ್ಪಲ್‌ನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರೂ ಫ್ರಾನ್ಸಿನವರೂ ಸೇರಿ ಇಂಥದೇ ಗಟ್ಟಿ ಗ್ರಾನೈಟಿನಲ್ಲಿ ಸಾಲು ಬೋರ್‌ವೆಲ್ ಕೊರೆದು ಒಂದು ಪ್ರಯೋಗದ ಜಾಗವನ್ನೇ ಮಾಡಿದ್ದಾರೆ. ಒಂದರಲ್ಲಿ ಗುರುತಿನ ವಸ್ತು ಬಿಟ್ಟು ಇನ್ನೊಂದರಲ್ಲಿ ಪಂಪ್ ಓಡಿಸಿ ನೋಡುತ್ತಾರೆ. ಒಳಗೆ ಬಿರುಕು ಎಷ್ಟೇ ಇರಲಿ, ನೀರನ್ನು ಸಾಗಿಸುವುದು ಅವುಗಳಲ್ಲಿ ಕೆಲವೇ.

ಇದರ ಮೇಲೆ ನಮ್ಮ ಪಂಪುಗಳ ಆಟ ಬೇರೆ. ಭೂಮಿಯ ಇಳಿಜಾರು ಯಾವ ಕಡೆಗೋ ಅಂತರ್ಜಲವೂ ಆ ಕಡೆಗೆ ಎನ್ನುವುದು ಹಳೆಯ ಲೆಕ್ಕ. ಅಕ್ಕಪಕ್ಕದ ಬೋರ್‌ವೆಲ್‌ಗಳು ಹಗಲೂರಾತ್ರಿ ಎಳೆದರೆ ನೀರು ತಿರುಗಿ ಅವುಗಳ ಕಡೆಗೆ ಹರಿಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದವು ಎಂದು ಸರ್ಕಾರವೇ ಹೇಳಿತಲ್ಲ, ಅಂಥ ಕಾಲದಲ್ಲಿ ಉಳಿದ ಬೋರ್‌ವೆಲ್‌ಗಳು ಎಲ್ಲಿಂದ ಎಳೆಯುತ್ತವೆ ಎಂದು ಹೇಳುವವರು ಯಾರು? ಮಾರ್ಚ್‌ನಲ್ಲಿ ಮಾಡಿದ ಪರೀಕ್ಷೆಯ ಉತ್ತರ ನವೆಂಬರ್‌ಗೆ ಸುಳ್ಳಾಗಬಹುದು.

ಆದ್ದರಿಂದ ಮೇಷ್ಟ್ರೇ, ಇದೊಂದು ಮಾತು ನಿಮ್ಮ ಬೀದಿಯ ಸಭೆಯಲ್ಲಿ ಗಟ್ಟಿಯಾಗಿ ಹೇಳಿ. ಬಣ್ಣ ಬಂದರೆ ದಾರಿ ಇದೆ ಎಂದು ಅರ್ಥ. ಬಾರದಿದ್ದರೆ ದಾರಿ ಇಲ್ಲ ಎಂದು ಅರ್ಥವಲ್ಲ. ನಿಧಾನವಾಗಿ ಬರುತ್ತಿರಬಹುದು, ಮಣ್ಣಿಗೆ ಅಂಟಿರಬಹುದು, ನೀವು ನೋಡಿದ ಹೊತ್ತಿಗೆ ದಾಟಿಹೋಗಿರಬಹುದು. ವಾರ ಕಾದು ‘ನೋಡಿ, ನಮ್ಮ ಗುಂಡಿಯದಲ್ಲ’ ಎಂದು ವಠಾರದವರು ಎದೆತಟ್ಟಿದರೆ ಅದು ಸಾಕ್ಷಿಯಾಗುವುದಿಲ್ಲ. ಬಣ್ಣ ಬಂದರೂ ಅದು ಹೇಳುವುದು ದಾರಿಯನ್ನು ಮಾತ್ರ, ಆ ದಾರಿಯಲ್ಲಿ ರೋಗ ಬರುತ್ತಿದೆಯೇ ಎಂಬುದನ್ನು ಬೇರೆ ಪರೀಕ್ಷೆ ಹೇಳಬೇಕು.

ಈಗ ‘ನೀರು ಶುದ್ಧವಾಗಿದ್ದರೆ’ ಎಂಬ ಆ ಷರತ್ತಿಗೆ ಬರೋಣ. ಕೊಳಕು ನೀರಿನಲ್ಲಿ ಬಣ್ಣದ ಪರೀಕ್ಷೆ ಯಾಕೆ ಕಷ್ಟ?

ನಮ್ಮ ಕೊಳಕು ನೀರು ಈಗಾಗಲೇ ಹೊಳೆಯುತ್ತಿರುವುದರಿಂದ. ಬಟ್ಟೆ ತೊಳೆಯುವ ಪುಡಿಯಲ್ಲಿ ಬಿಳುಪು ಬರಲಿ ಎಂದು ಹಾಕುವ ವಸ್ತುಗಳು ಸ್ವತಃ ಹೊಳೆಯುವ ಬಣ್ಣಗಳೇ. ಅವು ಬಿಸಿಲಿನಲ್ಲಿರುವ ಅತಿನೇರಳೆ ಬೆಳಕು ಕುಡಿದು ನೀಲಿಯಾಗಿ ಹೊಳೆಯುವುದರಿಂದಲೇ ನಿಮ್ಮ ಬಿಳಿ ಪಂಚೆ ಅಷ್ಟು ಬೆಳ್ಳಗೆ ಕಾಣುವುದು. ಇಡೀ ಬ್ಯಾಡರಹಳ್ಳಿಯ ವಾಷಿಂಗ್ ಮಷೀನುಗಳಿಂದ ದಿನವೂ ಚರಂಡಿಗೆ ಇದು ಸೇರುತ್ತಿದೆ. ಇನ್ನೊಂದು, ಗಾಡಿಗಳ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟ್. ಅನೇಕ ಕೂಲಂಟುಗಳ ಆ ಹಸಿರು ಫ್ಲೋರೆಸಿನ್ನಿನದೇ. ಸುಂಕದಕಟ್ಟೆಯಿಂದ ಗೊಲ್ಲರಹಟ್ಟಿಯವರೆಗೆ ಮಾಗಡಿ ರಸ್ತೆಯ ಎರಡೂ ಬದಿಯ ಗ್ಯಾರೇಜುಗಳನ್ನು ನೆನೆಸಿಕೊಳ್ಳಿ. ಹಳೆಯ ಕೂಲಂಟ್ ಎಲ್ಲಿಗೆ ಹೋಗುತ್ತದೆ? ಮೋರಿಗೆ. ನೀವು ಗುಂಡಿಗೆ ಬಣ್ಣ ಹಾಕಿ ಮಾರನೆಯ ದಿನ ಬೋರ್‌ವೆಲ್ಲಿನಲ್ಲಿ ಫ್ಲೋರೆಸಿನ್ ಸಿಕ್ಕಿತು ಎಂದು ಕುಣಿದರೆ, ಅದು ನಿಮ್ಮದಾ ಗ್ಯಾರೇಜಿನದಾ? ನಿಂಬೆಹಣ್ಣು ಮೊದಲೇ ಇತ್ತಾ ಎಂದು ಕೇಳಿದ್ದು ಇದಕ್ಕೆ. ತಿಳಿದವರು ಬಣ್ಣ ಹಾಕುವ ಮುಂಚೆ ದಿನಗಟ್ಟಲೆ, ಕೆಲವು ಕಡೆ ವಾರಗಟ್ಟಲೆ, ಬರಿಯ ನೀರನ್ನೇ ಅಳೆದು ಅದರ ಹುಟ್ಟು ಹೊಳಪು ಎಷ್ಟು ಎಂದು ಬರೆದಿಟ್ಟುಕೊಳ್ಳುತ್ತಾರೆ.

ಕೊಳಕು ನೀರು ಬಣ್ಣವನ್ನು ತಿಂದೂ ಹಾಕುತ್ತದೆ. ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಗಳ ಆಮ್ಲದ ನೀರಿನಲ್ಲಿ ಯುರಾನಿನ್ನಿನ ಹೊಳಪು ಕುಗ್ಗುತ್ತದೆ. ಮಾದರಿಯನ್ನು ಸರಿಯಾದ ಕ್ಷಾರಕ್ಕೆ ತಂದು ಅಳೆಯದಿದ್ದರೆ ಇರುವ ಬಣ್ಣವೂ ಇಲ್ಲವೆಂದೇ ಕಾಣುತ್ತದೆ. ಬ್ಲೀಚಿಂಗ್ ಪೌಡರ್ ಬಣ್ಣವನ್ನು ಕೊಲ್ಲುತ್ತದೆ. ಬಿಸಿಲು ತೆರೆದ ಚರಂಡಿಯಲ್ಲಿ ಯುರಾನಿನ್ನನ್ನು ಗಂಟೆಗಳಲ್ಲಿ ಕೆಡಿಸುತ್ತದೆ, ಹಾಗಾಗಿ ಮಾದರಿಯ ಬಾಟಲಿಗಳನ್ನು ಕತ್ತಲಲ್ಲಿ ಇಡಬೇಕು. ಕೆಸರು, ಮಸಿ ಬಣ್ಣವನ್ನು ಅಂಟಿಸಿಕೊಳ್ಳುತ್ತವೆ.

ಇಷ್ಟೆಲ್ಲ ತೊಡಕಿದ್ದರೂ ಕೊಳಕು ನೀರಿನ ಕಳ್ಳದಾರಿ ಹಿಡಿಯಲು ಬಣ್ಣದಷ್ಟು ಒಳ್ಳೆಯ ಪತ್ತೇದಾರ ಇಲ್ಲ. ಶಿಕಾಗೋ ನದಿಯನ್ನು ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಹಸಿರು ಮಾಡುತ್ತಾರೆ ಎಂದು ಟೀವಿಯಲ್ಲಿ ನೋಡಿರುತ್ತೀರಿ. ಅದು ಶುರುವಾದದ್ದು ಪ್ಲಂಬರುಗಳಿಂದ. ಯಾವ ಕಟ್ಟಡ ಕೊಳಚೆಯನ್ನು ನೇರ ನದಿಗೆ ಬಿಡುತ್ತಿದೆ ಎಂದು ಹಿಡಿಯಲು ಅವರು ಪೈಪಿನಲ್ಲಿ ಫ್ಲೋರೆಸಿನ್ ಬಿಡುತ್ತಿದ್ದರು. 1962ರಲ್ಲಿ ಅದನ್ನೇ ಹಬ್ಬಕ್ಕೆ ನೂರು ಪೌಂಡ್ ಸುರಿದರು, ಒಂದು ವಾರ ನದಿ ಹಸಿರಾಗೇ ಇತ್ತು. ಮಾರನೆಯ ವರ್ಷದಿಂದ ಕೈ ಹಿಡಿತ ಮಾಡಿದರು. ನಮ್ಮ ವೃಷಭಾವತಿಗೆ ಹಬ್ಬ ಬೇಕಾಗಿಲ್ಲ, ಪ್ಲಂಬರುಗಳ ಆ ಮೊದಲ ಕೆಲಸ ಬೇಕು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಎನ್ನುವ ಆ ನದಿ ಈಗ ಗಾಳಿ ಆಂಜನೇಯ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ನೊರೆ ಹೊತ್ತು ಹೋಗುತ್ತಾಳೆ. ಯಾವ ರಾಜಕಾಲುವೆಯ ಯಾವ ತೂತಿನಿಂದ ಏನು ಸೇರುತ್ತಿದೆ ಎಂದು ಬೇರೆ ಬೇರೆ ಬಣ್ಣ ಬಿಟ್ಟು ಒಂದೇ ರಾತ್ರಿ ನೋಡಬಹುದು. ಯುರಾನಿನ್ ಹಸಿರಾಗಿ, ಸಲ್ಫೋರೊಡಮೈನ್ ಕಿತ್ತಳೆಯಾಗಿ ಹೊಳೆಯುವುದರಿಂದ ಯಂತ್ರ ಎರಡನ್ನೂ ಬೇರ್ಪಡಿಸಿ ಹೇಳುತ್ತದೆ.

ಬಣ್ಣವನ್ನು ನಾವು ಹಾಕದಿದ್ದರೂ ಕೆಲವೊಮ್ಮೆ ಬೇರೆಯವರು ಹಾಕಿಟ್ಟಿರುತ್ತಾರೆ. ನಿಮ್ಮಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಪೀಣ್ಯ ಇದೆ. ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದನ್ನು ಕೇಂದ್ರ ಅಂತರ್ಜಲ ಮಂಡಳಿ ದಾಖಲಿಸಿದೆ. ಮೆರುಗು ಹಾಕುವ ಕಾರ್ಖಾನೆಗಳು ಬಳಸುವ ಕ್ರೋಮಿಯಂನ ಆರನೆಯ ರೂಪಕ್ಕೆ ಹಳದಿ ಬಣ್ಣವಿದೆ. ಹೆಚ್ಚಾದಾಗ ನೀರೇ ಹಳದಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ಮಾನಕ ಹೇಳುತ್ತದೆ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಆ ಮಿತಿ ಎಷ್ಟೋ ಪಟ್ಟು ಮೀರಿರುತ್ತದೆ. ಇದು ಯಾರೂ ಅನುಮತಿ ಕೇಳದೆ ಇಡೀ ಊರಿನ ಕೆಳಗೆ ಮಾಡಿದ ಬಣ್ಣದ ಪರೀಕ್ಷೆ. ಎಲ್ಲೆಲ್ಲಿ ಕ್ರೋಮಿಯಂ ಸಿಗುತ್ತದೋ ಅಲ್ಲಿಯವರೆಗೆ ಕಾರ್ಖಾನೆಯ ನೀರು ನಡೆದಿದೆ. ಹೆಗ್ಗನಹಳ್ಳಿ, ಸುಂಕದಕಟ್ಟೆಯ ಸಣ್ಣ ವರ್ಕ್‌ಶಾಪುಗಳನ್ನೂ ಸೇರಿಸಿಕೊಂಡು ಯಾರಾದರೂ ನಿಮ್ಮ ಕಡೆಯವರೆಗೆ ಬೋರ್‌ವೆಲ್ ಬೋರ್‌ವೆಲ್ ಅಳೆಯುತ್ತಾ ಬಂದರೆ, ಬಣ್ಣ ಸುರಿಯದೆಯೇ ಅರ್ಧ ನಕ್ಷೆ ಸಿಗುತ್ತದೆ.

ಹಾಗೆ ಊರಿಡೀ ಅಳೆದ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ. ಗುಂಡ್ಲುಪೇಟೆಯ ಹತ್ತಿರ ಬೇರಂಬಾಡಿಯಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಸೇರಿ ಸುಮಾರು ಇನ್ನೂರು ಕೊಳವೆಬಾವಿಗಳ ನೀರನ್ನು ನೋಡಿ ನೈಟ್ರೇಟ್ ಎಲ್ಲಿ ಹೆಚ್ಚು, ಯಾಕೆ ಎಂದು ಹುಡುಕಿದ್ದಾರೆ. ನೆಲಕ್ಕೆ ಹಾಕಿದ ಗೊಬ್ಬರ ಕೆಳಗಿಳಿದು, ಪಂಪಿನಲ್ಲಿ ಮತ್ತೆ ಮೇಲೆ ಬಂದು, ಮತ್ತೆ ಇಳಿಯುವ ಸುತ್ತನ್ನು ನೀರಿನಲ್ಲಿರುವ ಉಪ್ಪುಗಳೇ ಹೇಳಿಬಿಡುತ್ತವೆ. ಬೆಂಗಳೂರಿನ ಅಂತರ್ಜಲದ ಮಟ್ಟವನ್ನು ಅದೇ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಅವರ ಜೊತೆಯವರು ಅಳೆದಿದ್ದಾರೆ. ಊರ ನಡುವೆ ಕಾವೇರಿ ಪೈಪು ಸೋರಿ ನೀರು ಮೇಲೇ ಇದೆ, ನಿಮ್ಮಂಥ ಹೊರವಲಯದಲ್ಲಿ ಬೋರ್‌ವೆಲ್ ಎಳೆದು ಎಳೆದು ಆಳಕ್ಕೆ ಹೋಗಿದೆ. ಸೋರಿಕೆಯೇ ಊರನ್ನು ಕಾಪಾಡುತ್ತಿದೆ ಎಂದರೆ ನಗಬೇಕೋ ಅಳಬೇಕೋ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೊರವಲಯಕ್ಕೆಂದು ಬರತೊಡಗಿದೆ. ಬಂದ ನೀರೆಲ್ಲ ಕೊಳಚೆಯಾಗಿ ಎಲ್ಲಾದರೂ ಹೋಗಲೇಬೇಕು. ಒಳಚರಂಡಿ ಇಲ್ಲದ ಬೀದಿಯಲ್ಲಿ ಅದು ಹೋಗುವುದು ಗುಂಡಿಗೆ.

ಸರಿ, ನೀವೇನು ಮಾಡಬೇಕು?

ಮೊದಲು ಸಂಪನ್ನು ಅನುಮಾನಿಸಿ. ಬೋರ್‌ವೆಲ್ ಬಾಯಿಂದ ನೇರ ಒಂದು ಬಾಟಲಿ, ಸಂಪಿನಿಂದ ಒಂದು, ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಒಂದು, ಮೂರನ್ನೂ ಮೂಸಿ ನೋಡಿ. ಸಂಪಿನದ್ದು ಮಾತ್ರ ನಾರಿದರೆ ನಿಮ್ಮ ಪಾತಾಳದ ವಿಚಾರವೆಲ್ಲ ಬಿಟ್ಟು ಗಾರೆಯವನನ್ನು ಕರೆಸಿ. ಸಂಪಿನ ಗೋಡೆ ಬಿರುಕು ಬಿಟ್ಟು ಪಕ್ಕದ ಮೋರಿಯ ನೀರು ಒಸರುವುದು ನಮ್ಮ ಊರಿನಲ್ಲಿ ಸರ್ವೇಸಾಮಾನ್ಯ. ಬೋರ್‌ವೆಲ್ಲೇ ನಾರಿದರೆ ಕೇಸಿಂಗ್ ಪೈಪನ್ನು ನೋಡಿ. ಕೇಸಿಂಗ್ ಗಟ್ಟಿ ಬಂಡೆಯವರೆಗೆ ಹೋಗಿ ಕೂರದಿದ್ದರೆ, ಅಥವಾ ಅದರ ಸುತ್ತ ಗಾರೆ ಹಾಕದಿದ್ದರೆ, ಮೇಲಿನ ಕೊಳಕು ಪೈಪಿನ ಹೊರಮೈ ಹಿಡಿದು ಕೆಳಗಿಳಿಯುತ್ತದೆ. ಆಗ ತಪ್ಪು ವಠಾರದ್ದಲ್ಲ, ಕೊರೆದವನದ್ದು. ಜಗಳ ಮಾಡಿದ್ದಕ್ಕೆ ಕ್ಷಮೆ ಕೇಳಬೇಕಾಗುತ್ತದೆ!

ಆಮೇಲೆ ಲ್ಯಾಬು. ಇ. ಕೋಲೈ, ನೈಟ್ರೇಟ್, ಕ್ಲೋರೈಡ್, ಕ್ರೋಮಿಯಂ ಇವಿಷ್ಟನ್ನು ಕೇಳಿ. ಇ. ಕೋಲೈ ನೂರು ಮಿಲಿಲೀಟರಿನಲ್ಲಿ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನೈಟ್ರೇಟೂ ಕ್ಲೋರೈಡೂ ಎರಡೂ ಒಟ್ಟಿಗೆ ಏರಿದ್ದರೆ ಮನುಷ್ಯರ ಕೊಳಚೆಯ ಅನುಮಾನ ಬಲವಾಗುತ್ತದೆ. ಪಾಶ್ಚಾತ್ಯರು ಈಗ ಇನ್ನೊಂದು ಗುರುತು ಹಿಡಿದಿದ್ದಾರೆ: ಸಕ್ಕರೆ ಬದಲು ಹಾಕಿಕೊಳ್ಳುವ ಕೃತಕ ಸಿಹಿ. ಅಸೆಸಲ್ಫೇಮ್ ಎಂಬುದು ದೇಹದಲ್ಲಿ ಜೀರ್ಣವಾಗದೆ ಗುಂಡಿ, ಅಲ್ಲಿಂದ ಅಂತರ್ಜಲ ಸೇರುತ್ತದೆ. ಬಾವಿಯಲ್ಲಿ ಅದು ಸಿಕ್ಕರೆ ಮೂಲ ಮನುಷ್ಯನೇ, ದನವಲ್ಲ. ಸಕ್ಕರೆ ಕಾಯಿಲೆಯವರ ಈ ಊರಿನಲ್ಲಿ ಅದಕ್ಕೇನು ಬರ!

ಹುಡುಗರ ಉತ್ಸಾಹ ಹಾಳಾಗಬಾರದು, ಅವರಿಗೂ ಒಂದು ಕೆಲಸ ಕೊಡಿ. ಅಮ್ಮ ಬತ್ತಿ ಹೊಸೆಯುವ ಅರಳೆ ಇರುತ್ತದಲ್ಲ, ಏನೂ ಬೆರೆಸದ ಹತ್ತಿ, ಅದನ್ನು ಸಣ್ಣ ಬಲೆಯ ಚೀಲದಲ್ಲಿ ಕಟ್ಟಿ ಬೋರ್‌ವೆಲ್ ನೀರು ಬೀಳುವ ಬಾಯಲ್ಲಿ ಕೆಲವು ದಿನ ನೇತುಹಾಕಲಿ. ಇನ್ನೊಂದನ್ನು ಮೋರಿಯಲ್ಲಿ, ಮತ್ತೊಂದನ್ನು ಕ್ಯಾನ್ ನೀರಿನಲ್ಲಿ. ನೆರಳಲ್ಲಿ ಒಣಗಿಸಿ, ಖೋಟಾನೋಟು ನೋಡುವ ನೇರಳೆ ದೀಪ ಅಂಗಡಿಯವರ ಹತ್ತಿರ ಇರುತ್ತದೆ, ಕತ್ತಲ ಕೋಣೆಯಲ್ಲಿ ಅದರಡಿ ಹಿಡಿಯಲಿ. ಸೋಪಿನ ಪುಡಿಯ ಬಿಳುಪು ಹತ್ತಿಗೆ ಅಂಟುವುದರಿಂದ ಮೋರಿಯದ್ದು ನೀಲಿಯಾಗಿ ಹೊಳೆಯಬೇಕು. ಬೋರ್‌ವೆಲ್ಲಿನದೂ ಹೊಳೆದರೆ ಬಟ್ಟೆ ತೊಳೆದ ನೀರು ಹೇಗೋ ಒಳಗೆ ಸೇರುತ್ತಿದೆ. ಹೊಳೆಯದಿದ್ದರೆ ನೀರು ಚೊಕ್ಕಟ ಎಂದಲ್ಲ. ನಮ್ಮ ಕಡೆ ಬಚ್ಚಲ ನೀರು ಮೋರಿಗೆ, ಕಕ್ಕಸಿನದು ಗುಂಡಿಗೆ ಬೇರೆ ಬೇರೆ ಹೋಗುವುದರಿಂದ, ಈ ಪರೀಕ್ಷೆ ಮೋರಿಯನ್ನು ಹಿಡಿದರೂ ಗುಂಡಿಯನ್ನು ಬಿಟ್ಟುಬಿಡಬಹುದು. ನೇತುಹಾಕುವ ಮೊದಲೇ ಆ ಅರಳೆ ಹೊಳೆಯುವುದಿಲ್ಲ ಎಂದು ದೀಪದಡಿ ನೋಡಿಕೊಳ್ಳುವುದನ್ನು ಮರೆಯಬಾರದು.

ಇಷ್ಟಾಗಿಯೂ ಗುಂಡಿಯ ಮೇಲಿನ ಅನುಮಾನ ಉಳಿದರೆ, ಆಗ ಯುರಾನಿನ್ ಪರೀಕ್ಷೆಗೆ ಅರ್ಥವಿದೆ, ಅದನ್ನು ತಿಳಿದವರು ಮಾಡಬೇಕು. ಅವರ ಶಿಸ್ತು ನೋಡಿದರೆ ನಿಮಗೆ ಇಷ್ಟವಾಗುತ್ತದೆ. ಬಣ್ಣ ಸುರಿಯುವವನು ಬೇರೆ, ಮಾದರಿ ತೆಗೆಯುವವನು ಬೇರೆ. ಯಾಕೆಂದರೆ ಉಗುರಿನಲ್ಲಿ ಉಳಿದ ಒಂದು ಕಣ ಪುಡಿ ಸಾಕು, ಎಲ್ಲ ಬಾಟಲಿಗಳೂ ಸುಳ್ಳು ಹೇಳಲು. ಪುಡಿಯನ್ನು ಹಾಗೇ ಹಾಕುವುದಿಲ್ಲ, ನೀರಿನಲ್ಲಿ ಕದಡಿ ಹಾಕುತ್ತಾರೆ. ದಿನವೂ ಬಂದು ನೋಡಲಾಗದ ಕಡೆ ತೆಂಗಿನ ಚಿಪ್ಪಿನ ಇದ್ದಿಲಿನ ಪೊಟ್ಟಣ ಇಳಿಬಿಡುತ್ತಾರೆ. ಹಾದುಹೋಗುವ ಬಣ್ಣವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಲ್ಯಾಬಿನಲ್ಲಿ ಕ್ಷಾರ ಬೆರೆಸಿದ ಆಲ್ಕೋಹಾಲಿನಿಂದ ಬಿಡಿಸುತ್ತಾರೆ. ಇದನ್ನು ಮಾಡಲು ನಮ್ಮಲ್ಲಿ ಕಲಿತವರಿದ್ದಾರೆ, ಯಂತ್ರಗಳಿವೆ. ಒಂದು ವಾರ್ಡಿಗೆ ಒಂದು ಬಾರಿ ಮಾಡಿಸಲು ತಗಲುವ ಖರ್ಚು ಒಂದು ರಸ್ತೆಗೆ ಮತ್ತೆ ಡಾಂಬರು ಹಾಕುವುದಕ್ಕಿಂತ ಕಡಿಮೆಯೇ ಆದೀತು ಎಂದು ನನ್ನ ಅಂದಾಜು. ಕೇಳುವವರಿಲ್ಲದೆ ಮಾಡುವವರಿಲ್ಲ, ಅಷ್ಟೆ.

ನಿಮ್ಮ ಮಾಗಡಿ ರಸ್ತೆಯನ್ನೇ ಹಿಡಿದು ಹೋದರೆ ತಿಪ್ಪಗೊಂಡನಹಳ್ಳಿಯ ಕಡೆಗೆ ಹೋಗಬಹುದು. 1933ರಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಜಲಾಶಯ ಅದು. ಕೊಳಚೆ ಸೇರಿ ಸೇರಿ 2012ರ ಹೊತ್ತಿಗೆ ಅದರ ನೀರನ್ನು ಊರಿಗೆ ಕೊಡುವುದು ನಿಂತಿತು. ಜಲಾಶಯ ಕೆಟ್ಟರೆ ದಂಡೆಯಲ್ಲಿ ನಿಂತವರಿಗೆ ಕಾಣುತ್ತದೆ. ಬೋರ್‌ವೆಲ್ ಕೆಟ್ಟರೆ ಮೂಗಿಗೆ ಬಂದಾಗಲೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ಎಷ್ಟು ದಿನ ಕುಡಿದಿರುತ್ತೇವೋ.

ಆದ್ದರಿಂದ ಲ್ಯಾಬಿನ ವರದಿ ಬರುವವರೆಗೆ ಆ ನೀರನ್ನು ಕುಡಿಯಲು, ಅಡಿಗೆಗೆ ಬಳಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟೂ ಕ್ರೋಮಿಯಮ್ಮೂ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಇನ್ನೂ ಗಟ್ಟಿಯಾಗುತ್ತವೆ. ಮಾದರಿ ತೆಗೆದ ತಾರೀಖು, ಹೊತ್ತು, ಆ ದಿನ ಮಳೆ ಬಂದಿತ್ತೇ ಎಂಬುದನ್ನು ನಿಮ್ಮ ದುಂಡನೆಯ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಠಾರದವರ ಬೋರ್‌ವೆಲ್ಲಿನ ಮಾದರಿಯನ್ನೂ ನಿಮ್ಮದರ ಜೊತೆಗೇ ಕಳಿಸಿ, ಖರ್ಚನ್ನು ಬೀದಿಯವರೆಲ್ಲ ಹಂಚಿಕೊಳ್ಳಿ. ಅವರ ನೀರೂ ಕೆಟ್ಟಿದ್ದರೆ ಜಗಳ ಅಲ್ಲಿಗೇ ಅರ್ಧ ಇಳಿಯುತ್ತದೆ. ವರದಿ ಬಂದ ಕೂಡಲೇ ಅದರ ಒಂದು ಜೆರಾಕ್ಸ್ ನನಗೂ ಕಳಿಸಿಕೊಡಿ. ಜಲಮಂಡಳಿಗೆ ಕೊಡುವ ಅರ್ಜಿಯನ್ನು ಒಟ್ಟಿಗೆ ಕೂತು ಬರೆಯೋಣ.

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ,
ಓದುಗ ಗೆಳೆಯ